ಸಿಸೇರಿಯನ್ ಆದ ಬಳಿಕ ಗಾಯವನ್ನು ನೋಡುವವರು ಯಾರು?

ನನ್ನ ಅಕ್ಕನ ಮಗಳಿಗೆ ಅದು ಚೊಚ್ಚಲ ಹೆರಿಗೆ. ನೋವು ಆರಂಭವಾಗಿ ಒಂದು ಹಗಲು ಒಂದು ರಾತ್ರಿ ಕಳೆದರೂ ಹೆರಿಗೆಯಾಗಲಿಲ್ಲ. ಮಗುವಿನ ಎದೆಬಡಿತ ಕಡಿಮೆಯಾಗುತ್ತಿದೆ ಎಂದು ಡಾಕ್ಟರರು ಸಿಸೇರಿಯನ್ ಮಾಡಿದರು. ಅಲ್ಲಾಹನ ಕೃಪೆಯಿಂದ ತಾಯಿ, ಮಗು ಇಬ್ಬರೂ ಸುರಕ್ಷಿತವಾಗಿದ್ದರು. ಐದನೆಯ ದಿನ ಮನೆಗೆ ಕರೆತಂದೆವು. ಏಳನೆಯ ದಿನ ಅಕೀಕಾ.

ಬಿರುಬೇಸಿಗೆಯ ದಿನಗಳವು. ಮನೆ ತುಂಬ ನೆಂಟರು. ಹುಡುಗಿ ಬೆಳಗ್ಗೆಯೇ ಜರಿಯ ಹೊಸ ಬಟ್ಟೆ ಉಟ್ಟು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಮಂಚದ ಮೇಲೆ ಕುಳಿತಿದ್ದಳು. ಬಂದವರೆಲ್ಲ ಅವಳ ಪಕ್ಕದಲ್ಲೇ ಕೂತು ಮಗುವನ್ನು ಎತ್ತಿಕೊಂಡು ಮುದ್ದಾಡುತ್ತಿದ್ದರು. ಮಧ್ಯಾಹ್ನ ಚಹಾ ಕೊಡಲು ಹೋದಾಗ ಅವಳು ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಖಾಲಾ, ಹೊಲಿಗೆಯ ಹತ್ತಿರ ಒದ್ದೆ ಒದ್ದೆ ಅನಿಸುತ್ತಿದೆ."

"ಬೆವರು ಇರಬೇಕಮ್ಮಾ. ನೆಂಟರೆಲ್ಲ ಹೋಗಲಿ, ನೋಡೋಣ" ಎಂದೆ. ನೆಂಟರು ಹೋಗುವಾಗ ರಾತ್ರಿಯಾಗಿತ್ತು. ನಾನು ಮರೆತುಬಿಟ್ಟೆ. ಅವಳು ಮತ್ತೆ ಹೇಳಲಿಲ್ಲ.

ಒಂಬತ್ತನೆಯ ದಿನ ರಾತ್ರಿ ಅವಳಿಗೆ ಮೈ ನಡುಗಿ ಜ್ವರ ಬಂತು. ಬೆಳಗಾಗುತ್ತಲೇ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರಮ್ಮ ಹೊಟ್ಟೆಯ ಮಡಿಕೆಯನ್ನು ಮೇಲಕ್ಕೆತ್ತಿ ನೋಡಿದರು. ಗಾಯದ ಒಂದು ತುದಿ ಬಿಟ್ಟುಕೊಂಡಿತ್ತು, ಒಳಗಿನಿಂದ ಕೀವು ಬರುತ್ತಿತ್ತು. "ಇದು ಇವತ್ತಿನದಲ್ಲ. ಮನೆಯಲ್ಲಿ ಇಷ್ಟು ಹೆಂಗಸರಿದ್ದೀರಿ, ಒಬ್ಬರೂ ಗಾಯ ನೋಡಲಿಲ್ಲವೇ?" ಎಂದು ಅವರು ಕೇಳಿದರು.

ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಮಗುವಿನ ತೊಟ್ಟಿಲು ನೋಡಿಕೊಳ್ಳಲು ಜನರಿದ್ದರು, ಬಾಣಂತಿಗೆ ಅಡುಗೆ ಮಾಡಲು ಜನರಿದ್ದರು, ನೆಂಟರನ್ನು ಉಪಚರಿಸಲು ಜನರಿದ್ದರು. ಗಾಯವನ್ನು ಮಾತ್ರ ಮನೆಗೆ ಬಂದ ದಿನದಿಂದ ಯಾರೂ ನೋಡಿರಲಿಲ್ಲ. ಹುಡುಗಿಗೂ ಅದು ಕಾಣುವ ಜಾಗವಲ್ಲ. ತೋರಿಸಲು ಸಂಕೋಚ ಬೇರೆ. ಹೊಲಿಗೆಯ ಒಂದು ಭಾಗ ಬಿಚ್ಚಿ, ಕೀವು ತೆಗೆದು, ದಿನವೂ ಡ್ರೆಸ್ಸಿಂಗ್ ಮಾಡಿಸಿ ಗಾಯ ಪೂರ್ತಿ ಮಾಯಲು ಒಂದು ತಿಂಗಳಿಗೂ ಹೆಚ್ಚು ಹಿಡಿಯಿತು. ಆ ದಿನಗಳಲ್ಲಿ ಡಾಕ್ಟರಮ್ಮನಿಂದ ಕೇಳಿ ಕಲಿತದ್ದನ್ನು, ನಂತರ ಓದಿ ತಿಳಿದದ್ದನ್ನು ಇಲ್ಲಿ ಸಹೋದರಿಯರ ಮುಂದಿಡುತ್ತಿದ್ದೇನೆ.

ಇದು ಕೆಲವರ ಸಮಸ್ಯೆಯಲ್ಲ

ಸಿಸೇರಿಯನ್ ಈಗ ಅಪರೂಪದ ಆಪರೇಶನ್ ಆಗಿ ಉಳಿದಿಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 21.5ರಷ್ಟು ಹೆರಿಗೆಗಳು ಸಿಸೇರಿಯನ್ ಆಗಿದ್ದವು. ಕರ್ನಾಟಕದಲ್ಲಿ ಈ ಪ್ರಮಾಣ ಶೇ. 31.5. ಅದಕ್ಕೆ ಮೊದಲಿನ 2015-16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಪ್ರಮಾಣ ಶೇ. 23.6 ಇತ್ತು. ಅಂದರೆ ಹತ್ತು ಬಾಣಂತಿಯರಲ್ಲಿ ಮೂವರು ಹೊಟ್ಟೆಯ ಮೇಲೆ ಗಾಯ ಹೊತ್ತು ಮನೆಗೆ ಬರುತ್ತಾರೆ. ಆದರೆ ನಮ್ಮ ಬಾಣಂತನದ ಕ್ರಮ ಮಾತ್ರ ಸಹಜ ಹೆರಿಗೆಯ ಕಾಲದ್ದೇ. ಎಣ್ಣೆ ನೀರು, ಪಥ್ಯ, ಹೊಟ್ಟೆ ಕಟ್ಟುವುದು ಎಲ್ಲವೂ ಅಜ್ಜಿಯರಿಂದ ಬಂದಿವೆ. ಆಪರೇಶನ್ ಗಾಯವನ್ನು ಹೇಗೆ ನೋಡಿಕೊಳ್ಳಬೇಕೆಂಬುದು ಅದರಲ್ಲಿಲ್ಲ. ಅಜ್ಜಿಯರು ಅಂತಹ ಗಾಯವನ್ನು ಕಂಡವರೇ ಅಲ್ಲ.

ಕೈ ತೊಳೆಯಿರಿ ಎಂದ ಡಾಕ್ಟರ್

ಬಾಣಂತಿಯ ನಂಜನ್ನು ತಡೆಯುವ ದಾರಿ ಜಗತ್ತಿಗೆ ತಿಳಿದ ಕಥೆ ಎಲ್ಲ ಮಹಿಳೆಯರೂ ತಿಳಿದಿರಬೇಕಾದದ್ದು. 1840ರ ದಶಕದಲ್ಲಿ ಆಸ್ಟ್ರಿಯಾದ ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ಡಾಕ್ಟರರು ಮತ್ತು ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರರ ವಿಭಾಗದಲ್ಲೇ ಹೆಚ್ಚು ಬಾಣಂತಿಯರು ಜ್ವರ ಬಂದು ಸಾಯುತ್ತಿದ್ದರು. ತಮ್ಮನ್ನು ಆ ವಿಭಾಗಕ್ಕೆ ಸೇರಿಸಬೇಡಿ ಎಂದು ಗರ್ಭಿಣಿಯರು ಅಂಗಲಾಚುತ್ತಿದ್ದರು.

ಇಗ್ನಾಝ್ ಸೆಮ್ಮೆಲ್‌ವೈಸ್ ಎಂಬ ತರುಣ ಡಾಕ್ಟರ್ ಇದರ ಕಾರಣ ಹುಡುಕಿದರು. 1847ರಲ್ಲಿ ಅವರ ಸಹೋದ್ಯೋಗಿ ಯಾಕೋಬ್ ಕೊಲೆಚ್ಕಾ ಶವ ಪರೀಕ್ಷೆಯ ವೇಳೆ ಚಾಕು ತಗಲಿ, ಬಾಣಂತಿಯರಿಗೆ ಬರುತ್ತಿದ್ದಂತಹದೇ ಕಾಯಿಲೆಯಿಂದ ತೀರಿಕೊಂಡರು. ಆಗ ಸೆಮ್ಮೆಲ್‌ವೈಸ್‌ಗೆ ಹೊಳೆಯಿತು. ಡಾಕ್ಟರರು ಮತ್ತು ವಿದ್ಯಾರ್ಥಿಗಳು ಶವಗಳನ್ನು ಕೊಯ್ದ ಕೈಯಲ್ಲೇ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. ಎಲ್ಲರೂ ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಅವರು ನಿಯಮ ಮಾಡಿದರು. ಆ ವರ್ಷದ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ವೇಳೆಗೆ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು.

ಆದರೂ ಬಹಳಷ್ಟು ಡಾಕ್ಟರರು ಅವರ ಮಾತನ್ನು ಒಪ್ಪಲಿಲ್ಲ. ತಮ್ಮ ಕೈಯಿಂದಲೇ ರೋಗ ಹರಡುತ್ತದೆ ಎಂಬುದನ್ನು ಒಪ್ಪಿಕೊಳ್ಳುವುದು ಯಾರಿಗೂ ಸುಲಭವಲ್ಲ. 1865ರಲ್ಲಿ ಸೆಮ್ಮೆಲ್‌ವೈಸ್ ನಿಧನರಾದರು. ಎರಡು ವರ್ಷಗಳ ಬಳಿಕ, 1867ರಲ್ಲಿ, ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಕಾರ್ಬಾಲಿಕ್ ಆಸಿಡ್ ಬಳಸಿ ಗಾಯ ಕೊಳೆಯದಂತೆ ತಡೆಯಬಹುದೆಂದು ತೋರಿಸಿಕೊಟ್ಟರು. ಇಂದು ಆಪರೇಶನ್ ಕೋಣೆಯಲ್ಲಿ ಕಾಣುವ ಶುಚಿತ್ವದ ಕ್ರಮಗಳೆಲ್ಲ ಅಲ್ಲಿಂದ ಬೆಳೆದು ಬಂದವು.

ಗಾಯದೊಳಗೆ ಏನಾಗುತ್ತದೆ?

ಸಿಸೇರಿಯನ್‌ನಲ್ಲಿ ಸಾಮಾನ್ಯವಾಗಿ ಹೊಟ್ಟೆಯ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುತ್ತಾರೆ. ಚರ್ಮ, ಅದರ ಕೆಳಗಿನ ಕೊಬ್ಬು, ಸ್ನಾಯುಗಳ ಮೇಲಿನ ಗಟ್ಟಿ ಪೊರೆ, ಹೊಟ್ಟೆಯ ಒಳಪೊರೆ ದಾಟಿ ಗರ್ಭಕೋಶವನ್ನು ತೆರೆದು ಮಗುವನ್ನು ಹೊರತೆಗೆಯುತ್ತಾರೆ. ಆಮೇಲೆ ಒಳಗಿನಿಂದ ಹೊಲಿಯುತ್ತಾ ಬರುತ್ತಾರೆ. ನಮಗೆ ಹೊರಗೆ ಕಾಣುವುದು ಒಂದು ಗೆರೆ ಮಾತ್ರ. ಚರ್ಮದ ಅಂಚುಗಳು ಎರಡು ದಿನಗಳಲ್ಲಿ ಅಂಟಿಕೊಳ್ಳುತ್ತವೆ. ಒಳಗಿನ ಪದರಗಳು ಗಟ್ಟಿಯಾಗಲು ವಾರಗಳೇ ಬೇಕು.

ನಮ್ಮ ಚರ್ಮದ ಮೇಲೆ, ಮೂಗಿನೊಳಗೆ, ಕರುಳು ಮತ್ತು ಜನನಾಂಗದಲ್ಲಿ ಅಸಂಖ್ಯ ಸೂಕ್ಷ್ಮಾಣುಗಳಿವೆ. ಅವು ತಮ್ಮ ಜಾಗದಲ್ಲಿದ್ದರೆ ಅಪಾಯವಿಲ್ಲ. ಕೊಯ್ದ ಜಾಗದೊಳಗೆ ಸೇರಿದರೆ ಸೋಂಕು ಉಂಟಾಗುತ್ತದೆ. ಬೆವರು ನಿಂತು ಒದ್ದೆಯಾಗಿರುವ, ಬೆಚ್ಚಗಿರುವ ಜಾಗ ಅವು ಬೆಳೆಯಲು ಅನುಕೂಲ. ಹೆರಿಗೆಯ ನಂತರ ಸಡಿಲಾದ ಹೊಟ್ಟೆಯ ಮಡಿಕೆ ಗಾಯದ ಮೇಲೆಯೇ ಜೋತು ಬೀಳುವುದರಿಂದ ಅಲ್ಲಿ ಗಾಳಿಯಾಡುವುದಿಲ್ಲ. ಆಪರೇಶನ್ ಆಗಿ 30 ದಿನಗಳೊಳಗೆ ಯಾವಾಗ ಬೇಕಾದರೂ ಸೋಂಕು ಕಾಣಿಸಿಕೊಳ್ಳಬಹುದು. ಬಹಳಷ್ಟು ಬಾರಿ ಅದು ಕಾಣಿಸುವುದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ.

ಸಕ್ಕರೆ ಕಾಯಿಲೆ ಇರುವವರು, ದೇಹದ ತೂಕ ಹೆಚ್ಚಿರುವವರು, ರಕ್ತಹೀನತೆ ಇರುವವರು, ನೀರು ಒಡೆದು ಬಹಳ ಹೊತ್ತಾದ ಮೇಲೆ ಆಪರೇಶನ್ ಆದವರು, ದೀರ್ಘ ನೋವಿನ ನಂತರ ತುರ್ತಾಗಿ ಸಿಸೇರಿಯನ್ ಆದವರು ಹೆಚ್ಚು ಎಚ್ಚರ ವಹಿಸಬೇಕು. ಅಕ್ಕನ ಮಗಳದ್ದು ಅಂತಹ ತುರ್ತು ಆಪರೇಶನ್ನೇ ಆಗಿತ್ತು. ಅದು ನಮಗೆ ಗೊತ್ತಿರಲಿಲ್ಲ.

ಆಪರೇಶನ್‌ಗೆ ಮೊದಲು

ಗರ್ಭಿಣಿಯಾಗಿದ್ದಾಗಲೇ ತಯಾರಿ ಆರಂಭವಾಗಬೇಕು. ಸಕ್ಕರೆ ಮತ್ತು ರಕ್ತದ ಪರೀಕ್ಷೆಗಳನ್ನು ತಪ್ಪಿಸಬಾರದು. ಕಬ್ಬಿಣಾಂಶದ ಮಾತ್ರೆಗಳನ್ನು ನುಂಗದೆ ಡಬ್ಬಿಯಲ್ಲಿ ಇಟ್ಟರೆ ಪ್ರಯೋಜನವಿಲ್ಲ. ದಿನ ನಿಗದಿಯಾದ ಆಪರೇಶನ್ ಆದರೆ ಹಿಂದಿನ ರಾತ್ರಿ ಅಥವಾ ಅಂದು ಬೆಳಗ್ಗೆ ಸಾಬೂನು ಹಚ್ಚಿ ಚೆನ್ನಾಗಿ ಸ್ನಾನ ಮಾಡಬೇಕು, ಉಗುರು ಕತ್ತರಿಸಿಕೊಳ್ಳಬೇಕು.

ಒಂದು ವಿಷಯವನ್ನು ಸಂಕೋಚ ಬಿಟ್ಟು ಹೇಳಲೇಬೇಕು. ಆಸ್ಪತ್ರೆಗೆ ಹೋಗುವ ಮೊದಲು ಶುಚಿಯಾಗಿರಬೇಕೆಂದು ಅನೇಕ ಸಹೋದರಿಯರು ಮುನ್ನಾದಿನ ಬ್ಲೇಡ್‌ನಿಂದ ಗುಪ್ತಾಂಗದ ಕೂದಲು ತೆಗೆಯುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಬ್ಲೇಡ್‌ನಿಂದ ಚರ್ಮದಲ್ಲಿ ಕಣ್ಣಿಗೆ ಕಾಣದ ಸಣ್ಣ ಗೀರುಗಳಾಗಿ, ಸೂಕ್ಷ್ಮಾಣುಗಳಿಗೆ ಅವೇ ಬಾಗಿಲಾಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಆಪರೇಶನ್‌ಗಾಗಿ ಬ್ಲೇಡ್‌ನಿಂದ ಕೂದಲು ಬೋಳಿಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ತೀರಾ ಅಗತ್ಯವಿದ್ದರೆ ಕ್ಲಿಪ್ಪರ್ ಯಂತ್ರದಿಂದ ಕತ್ತರಿಸಬಹುದು. ಶುಚಿತ್ವದ ಸುನ್ನತ್ತನ್ನು ಕೆಲವು ವಾರ ಮೊದಲೇ ಪೂರೈಸಿಕೊಂಡು, ಆಪರೇಶನ್‌ನ ದಿನ ಹತ್ತಿರ ಬಂದಾಗ ಬ್ಲೇಡ್ ಮುಟ್ಟದಿರುವುದು ಉತ್ತಮ.

ಹೊಟ್ಟೆ ಕೊಯ್ಯುವ ಮೊದಲೇ ರೋಗನಿರೋಧಕ ಔಷಧಿಯ ಇಂಜೆಕ್ಷನ್ ಕೊಡಬೇಕೆಂಬುದು ಇಂದಿನ ಕ್ರಮ. ಕೊಯ್ಯುವ ಹೊತ್ತಿಗೆ ಔಷಧಿ ರಕ್ತದಲ್ಲಿ ಬೆರೆತಿದ್ದರೆ ಸೋಂಕು ಬೇರೂರುವುದು ಕಷ್ಟ. "ಮೊದಲು ಕೊಡುವ ಇಂಜೆಕ್ಷನ್ ಆಯಿತೇ ಸಿಸ್ಟರ್?" ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಯಾವುದಾದರೂ ಔಷಧಿ ಮೈಗೆ ಒಗ್ಗದಿದ್ದರೆ ಅದನ್ನು ಮೊದಲೇ ತಿಳಿಸಬೇಕು.

ಆಸ್ಪತ್ರೆಯಲ್ಲಿ ಜೊತೆಗಿರುವವರಿಗೆ

ಬಾಣಂತಿಯ ಜೊತೆ ಒಬ್ಬರೋ ಇಬ್ಬರೋ ಇದ್ದರೆ ಸಾಕು. ಅವರು ಮಗುವನ್ನು ಮುಟ್ಟುವ ಮೊದಲು, ಬಾಣಂತಿಗೆ ಊಟ ಕೊಡುವ ಮೊದಲು, ಮಗುವಿನ ಬಟ್ಟೆ ಬದಲಿಸಿದ ನಂತರ ಸಾಬೂನಿನಿಂದ ಕೈ ತೊಳೆಯಬೇಕು. ನೀರಿನಲ್ಲಿ ಕೈ ಅದ್ದಿ ತೆಗೆದರೆ ಅದು ತೊಳೆದಂತಲ್ಲ. ಬೆರಳ ಸಂದು, ಉಗುರ ಬುಡ, ಹೆಬ್ಬೆರಳು, ಮಣಿಕಟ್ಟು ಎಲ್ಲ ಸೇರಿ 40ರಿಂದ 60 ಸೆಕೆಂಡ್ ಬೇಕು. ವುಝೂ ಮಾಡುವಾಗ ಬೆರಳ ಸಂದುಗಳಿಗೆ ನೀರು ತಲುಪಿಸುವುದನ್ನು ಬಾಲ್ಯದಿಂದ ಕಲಿತ ನಮಗೆ ಇದು ಕಷ್ಟದ ಕೆಲಸವಾಗಬಾರದು.

ಡ್ರೆಸ್ಸಿಂಗನ್ನು ಎತ್ತಿ ನೋಡುವುದು, ಒತ್ತಿ ನೋಡುವುದು ಬೇಡ. ಅದು ರಕ್ತದಿಂದ ನೆನೆದಿದ್ದರೆ ಅಥವಾ ಕಿತ್ತು ಬಂದಿದ್ದರೆ ಸಿಸ್ಟರಿಗೆ ತಿಳಿಸಬೇಕು. ನೆಂಟರು ಬಾಣಂತಿಯ ಹಾಸಿಗೆಯ ಮೇಲೆ ಕೂರಬಾರದು. ಮನೆಗೆ ಹೊರಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಿ: ಡ್ರೆಸ್ಸಿಂಗ್ ಯಾವಾಗ ತೆಗೆಯಬೇಕು? ಹೊಲಿಗೆ ಬಿಚ್ಚಬೇಕೇ, ತಾನಾಗಿ ಕರಗುವುದೇ? ಮತ್ತೆ ತೋರಿಸಲು ಯಾವ ದಿನ ಬರಬೇಕು?

ಮನೆಯ ಬಾಣಂತನದಲ್ಲಿ

ಇಲ್ಲಿಯೇ ನಾವು ಹೆಚ್ಚು ಎಡವುವುದು.

ಸ್ನಾನ: ಡಾಕ್ಟರರು ಒಪ್ಪಿದ ಮೇಲೆ ದಿನವೂ ಸ್ನಾನ ಮಾಡಬೇಕು. ಗಾಯಕ್ಕೆ ನೀರು ತಾಗಬಾರದೆಂದು ವಾರಗಟ್ಟಲೆ ಸ್ನಾನ ಬಿಡುವುದೂ ತಪ್ಪು, ಹಂಡೆಯ ಬಿಸಿ ನೀರನ್ನು ಹೊಟ್ಟೆಯ ಮೇಲೆ ರಭಸದಿಂದ ಎರೆಯುವುದೂ ತಪ್ಪು. ಉಗುರು ಬೆಚ್ಚಗಿನ ನೀರು ಗಾಯದ ಮೇಲೆ ಮೆಲ್ಲಗೆ ಹರಿದು ಹೋಗಲಿ. ಉಜ್ಜುವುದು ಬೇಡ. ನಂತರ ಗಾಯಕ್ಕೆಂದೇ ಇಟ್ಟ, ಬಿಸಿಲಲ್ಲಿ ಒಣಗಿಸಿದ ಮೆತ್ತನೆಯ ಬಟ್ಟೆಯಿಂದ ಒತ್ತಿ ಒತ್ತಿ ಒರೆಸಬೇಕು. ಮಲಗಿಕೊಂಡು ಹೊಟ್ಟೆಯ ಮಡಿಕೆಯನ್ನು ಮೇಲಕ್ಕೆತ್ತಿ ಸ್ವಲ್ಪ ಹೊತ್ತು ಗಾಳಿಯಾಡಲು ಬಿಟ್ಟರೆ ಗಾಯ ಪೂರ್ತಿ ಒಣಗುತ್ತದೆ.

ಎಣ್ಣೆ ಮತ್ತು ಅರಸಿನ: ಕೈಕಾಲು, ಬೆನ್ನಿಗೆ ಎಣ್ಣೆ ತಿಕ್ಕಿದರೆ ಹಿತವಾಗಬಹುದು. ಗಾಯದ ಬಳಿ ಎಣ್ಣೆ ಬೇಡ. ಅರಸಿನ, ಪೌಡರ್, ಬೂದಿ, ತುಪ್ಪ ಯಾವುದನ್ನೂ ಹಚ್ಚಬಾರದು. ಅಡುಗೆಯ ಡಬ್ಬಿಯಲ್ಲಿರುವ ಅರಸಿನ ಸಾರಿಗೆ ಒಳ್ಳೆಯದು, ಆಪರೇಶನ್ ಗಾಯಕ್ಕಲ್ಲ. ಡಾಕ್ಟರರು ಬರೆದುಕೊಟ್ಟ ಮುಲಾಮು ಇದ್ದರೆ ಅದನ್ನಷ್ಟೇ ಹಚ್ಚಿ.

ಬಟ್ಟೆ: ಲಂಗದ ಲಾಡಿ, ಶಲ್ವಾರ್‌ನ ನಾಡಾ, ಒಳಉಡುಪಿನ ಪಟ್ಟಿ ಸರಿಯಾಗಿ ಗಾಯದ ಗೆರೆಯ ಮೇಲೆಯೇ ಕೂರುತ್ತವೆ. ಅದಕ್ಕೆ ಸಡಿಲವಾದ ಹತ್ತಿಯ ಮ್ಯಾಕ್ಸಿಯೇ ಒಳ್ಳೆಯದು. ಒಳಉಡುಪು ಗಾಯಕ್ಕಿಂತ ಮೇಲೆ ಬರುವಂತಿರಲಿ. ರಕ್ತಸ್ರಾವಕ್ಕೆ ಬಳಸುವ ಪ್ಯಾಡನ್ನು ಕೆಲವು ಗಂಟೆಗಳಿಗೊಮ್ಮೆ ಬದಲಿಸಬೇಕು. ಬಟ್ಟೆ ಬಳಸುವವರು ಸಾಬೂನಿನಲ್ಲಿ ಒಗೆದು, ಮೂಲೆಯಲ್ಲಿ ಅಡಗಿಸಿಡದೆ, ಬಿಸಿಲಿನಲ್ಲಿ ಒಣಗಿಸಲಿ. ಹೊಟ್ಟೆಗೆ ಬಟ್ಟೆ ಬಿಗಿಯುವ ಪದ್ಧತಿ ಇದ್ದರೆ ಡಾಕ್ಟರರನ್ನು ಕೇಳಿದ ನಂತರವೇ ಕಟ್ಟಿ. ಬೆವರಿನಿಂದ ಒದ್ದೆಯಾದ ಪಟ್ಟಿ ದಿನವಿಡೀ ಗಾಯಕ್ಕೆ ಅಂಟಿಕೊಂಡಿರಬಾರದು.

ಆಹಾರ: ಮೊಟ್ಟೆ ತಿಂದರೆ ಕೀವಾಗುತ್ತದೆ, ಮೀನು ನಂಜು, ಬದನೆಕಾಯಿ ನಂಜು, ಬೇಳೆ ವಾಯು ಎಂದು ಒಂದೊಂದಾಗಿ ತೆಗೆದುಹಾಕಿ ಕೊನೆಗೆ ಬಾಣಂತಿಗೆ ಉಳಿಯುವುದು ಅನ್ನ ಮತ್ತು ಕಾಳುಮೆಣಸಿನ ಸಾರು. ಗಾಯ ಮಾಯಲು ದೇಹಕ್ಕೆ ಬೇಕಾದದ್ದು ಪ್ರೊಟೀನ್. ಮೊಟ್ಟೆ, ಮೀನು, ಮಾಂಸ, ಬೇಳೆ, ಹಾಲುಗಳಲ್ಲಿ ಇರುವುದು ಅದೇ. ಕೀವು ಬರುವುದು ಸೂಕ್ಷ್ಮಾಣುಗಳಿಂದ, ಮೊಟ್ಟೆಯಿಂದಲ್ಲ. ಸೊಪ್ಪು, ಹಣ್ಣು ಕೊಡಿ. ನೀರು ಕುಡಿದರೆ ಗಾಯ ಹಸಿಯಾಗುತ್ತದೆ ಎಂಬುದೂ ತಪ್ಪು ಕಲ್ಪನೆ. ನೀರು ಕಡಿಮೆಯಾದರೆ ಮಲಬದ್ಧತೆಯಾಗಿ, ಮುಕ್ಕುವಾಗ ಹೊಲಿಗೆಯ ಮೇಲೆ ಒತ್ತಡ ಬೀಳುತ್ತದೆ.

ಕೆಲಸ: ಮನೆಯೊಳಗೆ ನಿಧಾನವಾಗಿ ಓಡಾಡುವುದು ಒಳ್ಳೆಯದು. ಮಗುವಿಗಿಂತ ಭಾರವಾದುದನ್ನು ಎತ್ತುವುದು ಬೇಡ. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿಹಿಡಿದು ಕೆಮ್ಮಬೇಕು. ಎದೆಹಾಲು ನಿಲ್ಲಿಸಬಾರದು. ಡಾಕ್ಟರರು ಔಷಧಿ ಬರೆಯುವಾಗ ಮಗುವಿಗೆ ಹಾಲೂಡುತ್ತಿರುವುದನ್ನು ತಿಳಿಸಿದರೆ ಸಾಕು.

ನೆಂಟರು: ಅಕೀಕಾದ ಸಂತೋಷವನ್ನು ಬಾಣಂತಿಯ ಮಂಚದ ಮೇಲೆಯೇ ಆಚರಿಸಬೇಕಾಗಿಲ್ಲ. ಅವಳು ತನ್ನ ಕೋಣೆಯಲ್ಲಿ ಹತ್ತಿ ಬಟ್ಟೆಯಲ್ಲಿ ಮಲಗಿರಲಿ. ಬಂದವರು ಬಾಗಿಲಲ್ಲಿ ಸಲಾಮ್ ಹೇಳಿ ದುಆ ಮಾಡಿ ಹೋಗಲಿ.

ಗುಸ್ಲ್ ಬಗ್ಗೆ ಒಂದು ಮಾತು

ನಮ್ಮ ಸಹೋದರಿಯರು ನನ್ನಲ್ಲಿ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಸಿಸೇರಿಯನ್ ಆದವರಿಗೂ ಗರ್ಭಕೋಶದಿಂದ ಬರುವ ರಕ್ತಸ್ರಾವಕ್ಕೆ ನಿಫಾಸ್‌ನ ನಿಯಮವೇ ಅನ್ವಯಿಸುತ್ತದೆ. ನಲವತ್ತು ದಿನ ಕಾಯಲೇಬೇಕೆಂದಿಲ್ಲ. ಅದಕ್ಕೆ ಮೊದಲೇ ರಕ್ತ ಪೂರ್ತಿಯಾಗಿ ನಿಂತರೆ ಗುಸ್ಲ್ ಮಾಡಿ ನಮಾಝ್ ಆರಂಭಿಸಬೇಕು. ಬಾಗಲು ನೋವಾದರೆ ಕುಳಿತು ನಮಾಝ್ ಮಾಡಬಹುದು. ಸಾಮಾನ್ಯವಾಗಿ ಅಷ್ಟರಲ್ಲಿ ಗಾಯ ಕೂಡಿಕೊಂಡಿರುವುದರಿಂದ ನೀರಿನಿಂದ ತೊಂದರೆಯಿಲ್ಲ. ಆದರೆ ಗಾಯ ಬಿಟ್ಟುಕೊಂಡಿದ್ದು ನೀರು ತಾಗಿಸಬಾರದೆಂದು ಡಾಕ್ಟರರು ಹೇಳಿದ್ದರೆ, ಉಳಿದ ಶರೀರವನ್ನು ತೊಳೆದು ಪಟ್ಟಿಯ ಮೇಲೆ ಒದ್ದೆ ಕೈ ಸವರುವ ರಿಯಾಯಿತಿ ಇದೆ. ನೀರು ಬಳಸುವುದೇ ಅಪಾಯಕರವಾದರೆ ತಯಮ್ಮುಮ್ ಇದೆ. ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿರುವುದರಿಂದ ನಿಮ್ಮ ಊರಿನ ವಿದ್ವಾಂಸರಲ್ಲಿ ಕೇಳಿಕೊಳ್ಳಿ.

ಅಬೂದಾವೂದ್‌ನಲ್ಲಿ ವರದಿಯಾಗಿರುವ ಒಂದು ಘಟನೆ ಇದೆ. ಪ್ರಯಾಣದಲ್ಲಿ ಒಬ್ಬರ ತಲೆಗೆ ಕಲ್ಲು ತಗಲಿ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಬಹುದೇ ಎಂದು ಜೊತೆಗಾರರನ್ನು ಕೇಳಿದಾಗ ಅವರು ಅವಕಾಶವಿಲ್ಲವೆಂದರು. ಅವರು ಸ್ನಾನ ಮಾಡಿ ಅದರಿಂದಲೇ ಮೃತಪಟ್ಟರು. ಸುದ್ದಿ ತಿಳಿದ ಪ್ರವಾದಿ(ಸ) ಬಹಳ ನೊಂದರು. ಗೊತ್ತಿಲ್ಲದಿದ್ದಾಗ ಕೇಳಬೇಕಿತ್ತು, ಅಜ್ಞಾನಕ್ಕೆ ಕೇಳುವುದೇ ಮದ್ದು ಎಂದು ತಿಳಿಸಿದರು.

ಈ ಹದೀಸನ್ನು ನಾನು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತಾ ಬಂದಿದ್ದೇನೆ. ಆದರೂ ಅಕೀಕಾದ ದಿನ ಗಾಯ ನೋಡದೆಯೇ "ಬೆವರು ಇರಬೇಕು" ಎಂದವಳು ನಾನೇ. ಗೊತ್ತಿಲ್ಲದೆ ಉತ್ತರ ಕೊಟ್ಟೆ. ಕೇಳಬೇಕಾದವರನ್ನು ಕೇಳಲಿಲ್ಲ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

* ಕಡಿಮೆಯಾಗುತ್ತಿದ್ದ ನೋವು ಮತ್ತೆ ಹೆಚ್ಚಾಗುವುದು.
* ಗಾಯದ ಸುತ್ತ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುವುದು ಅಥವಾ ಗಟ್ಟಿಯಾಗುವುದು.
* ಗಾಯದಿಂದ ನೀರು, ಕೀವು, ರಕ್ತ ಅಥವಾ ಕೆಟ್ಟ ವಾಸನೆ ಬರುವುದು.
* ಹೊಲಿಗೆ ಬಿಟ್ಟುಕೊಳ್ಳುವುದು.
* 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಚಳಿ, ನಡುಕ.
* ಸ್ರಾವಕ್ಕೆ ದುರ್ವಾಸನೆ, ಕೆಳಹೊಟ್ಟೆಯಲ್ಲಿ ತೀವ್ರ ನೋವು, ಅತಿಯಾದ ರಕ್ತಸ್ರಾವ.
* ಏದುಸಿರು, ಎದೆ ಡವಗುಟ್ಟುವುದು, ತಲೆಸುತ್ತು, ಮಾತು ತೊದಲುವುದು ಅಥವಾ ಮಂಕಾಗುವುದು.

ಕೊನೆಯ ಸಾಲಿನಲ್ಲಿ ಹೇಳಿದವು ಕಂಡರೆ ಸೋಂಕು ರಕ್ತಕ್ಕೆ ಹರಡಿರಬಹುದು. ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಬಾಣಂತಿಗೆ ಜ್ವರ ಬಂದರೆ ದೃಷ್ಟಿಯಾಗಿದೆ, ಎದೆಹಾಲು ಕಟ್ಟಿದೆ ಎಂದು ಮನೆಯಲ್ಲೇ ತೀರ್ಮಾನಿಸಬೇಡಿ. ದುಆ ಮಾಡಿ, ಜೊತೆಗೆ ಆಸ್ಪತ್ರೆಗೂ ಹೊರಡಿ.

ಮೆಡಿಕಲ್ ಶಾಪ್‌ನಿಂದ ತಾವಾಗಿ ರೋಗನಿರೋಧಕ ಮಾತ್ರೆ ತಂದು ನುಂಗಿಸುವುದು, ಹಿಂದೆ ಯಾರಿಗೋ ಕೊಟ್ಟು ಉಳಿದ ಮಾತ್ರೆ ಕೊಡುವುದು ಅಪಾಯ. ಒಳಗೆ ಕೀವು ನಿಂತಿದ್ದರೆ ಅದನ್ನು ಹೊರತೆಗೆಯಲೇಬೇಕು, ಮಾತ್ರೆಯೊಂದರಿಂದ ಆಗುವುದಿಲ್ಲ. ಡಾಕ್ಟರರು ಬರೆದ ಮಾತ್ರೆಗಳನ್ನು ಜ್ವರ ಬಿಟ್ಟಿತೆಂದು ಅರ್ಧಕ್ಕೆ ನಿಲ್ಲಿಸುವುದೂ ತಪ್ಪು.

ಸರಕಾರಿ ಆಸ್ಪತ್ರೆಗಳಲ್ಲಿ 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್ ಸಹಿತ ಹೆರಿಗೆ ಮತ್ತು ಔಷಧಿ ಉಚಿತ. ಸಿಸೇರಿಯನ್ ಆದವರ ಮನೆಗೆ ಆಶಾ ಕಾರ್ಯಕರ್ತೆ ಏಳನೆಯ ದಿನದಿಂದ 42ನೆಯ ದಿನದೊಳಗೆ ಹಲವು ಬಾರಿ ಬರುತ್ತಾರೆ. ಅವರನ್ನು ಬಾಗಿಲಲ್ಲೇ ಮಾತಾಡಿಸಿ ಕಳುಹಿಸದೆ ಒಳಗೆ ಕರೆದು ಬಾಣಂತಿಯೊಂದಿಗೆ ಮಾತಾಡಲು ಬಿಡಿ.

ದಿನಕ್ಕೆರಡು ನಿಮಿಷ

ಪ್ರತಿ ಮನೆಯಲ್ಲೂ ಹೆರಿಗೆಗೆ ಮೊದಲೇ ಒಂದು ತೀರ್ಮಾನವಾಗಲಿ. ತಾಯಿ, ಅಕ್ಕ, ಅತ್ತೆ ಅಥವಾ ಗಂಡ, ಬಾಣಂತಿಗೆ ಯಾರ ಬಳಿ ಸಂಕೋಚವಿಲ್ಲವೋ ಅವರೊಬ್ಬರು ದಿನಕ್ಕೊಮ್ಮೆ ಕೈ ತೊಳೆದು, ಬೆಳಕಿನಲ್ಲಿ ಗಾಯವನ್ನು ನೋಡಬೇಕು. ಗಂಡ ನೋಡಬಾರದೆಂಬ ನಿಯಮ ಎಲ್ಲೂ ಇಲ್ಲ. ಯಾರೂ ಇಲ್ಲದಿದ್ದರೆ ಬಾಣಂತಿ ಕೈಗನ್ನಡಿ ಹಿಡಿದು ತಾನೇ ನೋಡಿಕೊಳ್ಳಬಹುದು. ಎರಡು ನಿಮಿಷದ ಕೆಲಸ.

ಕಳೆದ ವರ್ಷ ಅಕ್ಕನ ಮಗಳಿಗೆ ಎರಡನೆಯ ಹೆರಿಗೆಯಾಯಿತು. ಅದೂ ಸಿಸೇರಿಯನ್. ಈ ಸಲ ದಿನವೂ ಅಸ್ರ್ ನಮಾಝ್ ಮುಗಿಸಿ ನಾನು ಅವಳ ಕೋಣೆಗೆ ಹೋಗಿ ಬಾಗಿಲು ಹಾಕುತ್ತಿದ್ದೆ. ಮೊದಲ ದಿನ ಅವಳು ಮುಖ ಮುಚ್ಚಿಕೊಂಡು ನಕ್ಕಳು. ಮೂರನೆಯ ದಿನದಿಂದ ನಾನು ಹೋಗುವುದು ಸ್ವಲ್ಪ ತಡವಾದರೂ ಅವಳೇ ಕರೆಯುತ್ತಿದ್ದಳು: "ಖಾಲಾ, ಇವತ್ತು ನೋಡಲಿಲ್ಲವಲ್ಲ?"

ನಿಮ್ಮ ಮನೆಯಲ್ಲಿ ಈಗ ಬಾಣಂತಿ ಇದ್ದರೆ ಇದನ್ನು ಓದಿ ಮುಗಿಸಿ ಅವಳ ಬಳಿ ಹೋಗಿ. ಮಗುವನ್ನು ನೋಡುವ ಮೊದಲು ಅವಳ ಗಾಯ ಹೇಗಿದೆ ಎಂದು ಕೇಳಿ.